ರೋಗಿಯ ಜೊತೆಗಾರರ ಅವಸ್ಥೆ

ಅರ್ಬುದ ರೋಗದ ಚಿಕಿತ್ಸೆಗೆಂದು ಊರು ಬಿಟ್ಟು ಬೆಂಗಳೂರು, ಮುಂಬಯಿಗಳಿಗೆ ತೆರಳುವ ರೋಗಿಗಳ ವಿಷಯವಾಗಿ ನಮ್ಮ ಮಹಾಜನರು ಆಗಾಗ್ಗೆ ಮರುಗುವುದುಂಟು. ಅವರ ಕೈ ಹಿಡಿದುಕೊಂಡು ಹೋಗುವ ಹೆಂಡತಿ, ಮಗ, ತಮ್ಮಂದಿರ ವಿಷಯವಾಗಿ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಈ ಮೌನವು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಈ ರೋಗದ ಚಿಕಿತ್ಸೆಯು ಒಂದೆರಡು ದಿನಗಳಲ್ಲಿ ಮುಗಿಯತಕ್ಕದ್ದಲ್ಲ. ಬಾಯಿ, ಗಂಟಲುಗಳ ಅರ್ಬುದಕ್ಕೆ ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರಗಳವರೆಗೆ ಕೊಡುತ್ತಾರೆ. ದಿನದ ಚಿಕಿತ್ಸೆ ಕೆಲವೇ ನಿಮಿಷಗಳದು. ಅಷ್ಟಕ್ಕಾಗಿ ಎಲ್ಲರನ್ನೂ ವಾರ್ಡಿನಲ್ಲಿ ಇರಿಸಿಕೊಳ್ಳುವುದು ಆಸ್ಪತ್ರೆಯವರಿಗೆ ಸಾಧ್ಯವಿಲ್ಲ. ಬೀದರದವನಾಗಲಿ ರಾಯಚೂರಿನವನಾಗಲಿ ದಿನವೂ ಮನೆಗೆ ಹೋಗಿ ಬರುವುದೂ ಸಾಧ್ಯವಿಲ್ಲ. ಹೀಗೆ ಕೆಲವು ನಿಮಿಷಗಳ ಚಿಕಿತ್ಸೆಯು ಎರಡು ತಿಂಗಳ ಪರದೇಶವಾಸವಾಗಿ ಪರಿಣಮಿಸುತ್ತದೆ. ಮೂರನೆಯ ವಾರದ ಸುಮಾರಿಗೆ ರೋಗಿಯ ಬಾಯೆಲ್ಲ ಹುಣ್ಣಾಗಿ ಅನ್ನ ಇಳಿಯುವುದಿಲ್ಲ. ಒಲೆಯೇ ಇಲ್ಲದ ಬಾಡಿಗೆ ಕೋಣೆಯಲ್ಲಿ ಗಂಜಿ ಕಾಯಿಸತಕ್ಕವರು ಯಾರು? ಕೀಮೋ ಔಷಧವಾದ ಮೇಲೆ ಜ್ವರವು 100.4 ಡಿಗ್ರಿಗೆ ಏರಿದರೆ ನಡುರಾತ್ರಿಯಾದರೂ ವೈದ್ಯರ ಬಳಿಗೆ ಓಡಬೇಕು. ಥರ್ಮಾಮೀಟರನ್ನು ನೋಡುತ್ತ ಎಚ್ಚರವಾಗಿರತಕ್ಕವರು ಯಾರು? ಊರಿನಿಂದ ಫೋನು ಮಾಡಿ ಬೇರು ನಾರುಗಳ ಮದ್ದನ್ನು ಹೇಳುವ ಬಂಧುಗಳಂತೂ ಅಲ್ಲ!

ಸರಕಾರದವರು ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಮೇರೆಗೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯತಕ್ಕದ್ದಾಗಿದೆ. ರೈಲ್ವೆಯವರು ಈ ರೋಗಿಗಳಿಗೂ ಜೊತೆಗಾರನೊಬ್ಬನಿಗೂ ದರದಲ್ಲಿ ರಿಯಾಯಿತಿ ಇಟ್ಟಿದ್ದಾರೆ. ಆದರೆ ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ, ಆಟೋದ ಬಾಡಿಗೆ, ಜೊತೆಗಾರನು ಕಳೆದುಕೊಂಡ ಕೂಲಿ, ಇವು ಆಸ್ಪತ್ರೆಯ ಬಿಲ್ಲಿನಲ್ಲಿ ಸೇರತಕ್ಕವಲ್ಲ. ಕೈಯಲ್ಲಿದ್ದುದು ತೀರಿದೊಡನೆ, ಚಿಕಿತ್ಸೆ ಅರ್ಧದಲ್ಲಿರುವಾಗಲೇ, ಊರಿನ ಬಸ್ಸು ಹತ್ತುವವರಿದ್ದಾರೆ. ವಿಕಿರಣ ಚಿಕಿತ್ಸೆಯು ನಡುವೆ ತಪ್ಪಿದರೆ ಗುಣವು ಕುಂದುವುದೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಸರಕಾರವು ಲಕ್ಷಗಟ್ಟಲೆ ವೆಚ್ಚಮಾಡಿದ ಚಿಕಿತ್ಸೆಯು ಒಂದು ಕೋಣೆಯ ಬಾಡಿಗೆಯ ದೆಸೆಯಿಂದ ಕೆಡುವುದೆಂದರೆ ಇದೆಂತಹ ಲೆಕ್ಕಾಚಾರ?

ಊರಿಗೆ ಬಂದವರಿಗೆ ನೆರಳು ಕೊಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರವು 1903ರಲ್ಲಿಯೇ ಬಾಗಿಲು ತೆರೆಯಿತು. ಮುಂಬಯಿಯ ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯು ಟಾಟಾ ಆಸ್ಪತ್ರೆಗೆ ಬರುವ ರೋಗಿಗಳಿಗೂ ಅವರ ಮನೆಯವರಿಗೂ ಆಶ್ರಯ ಕೊಡುತ್ತಿದೆ. 1973ರಲ್ಲಿ ಸ್ಥಾಪಿತವಾದ ನಮ್ಮ ಕಿದ್ವಾಯಿ ಆಸ್ಪತ್ರೆಯ ಬಳಿ ಧರ್ಮಶಾಲೆ ಇಲ್ಲವೆಂದಲ್ಲ. ಬರುವ ಜನಕ್ಕೆ ಅದು ಸಾಲದು. ಮದುವೆಯ ಮಂಟಪಗಳಿಗೆ ಉದಾರವಾಗಿ ಚಂದಾ ಎತ್ತುವ ಜಿಲ್ಲೆ ಜಿಲ್ಲೆಗಳ ಸಂಘಗಳು ಹೊಸೂರು ರಸ್ತೆಯಲ್ಲಿ ತಮ್ಮ ಜಿಲ್ಲೆಯವರಿಗೆಂದು, ಅಡುಗೆಮನೆ ಸಹಿತವಾದ, ಹತ್ತು ಕೋಣೆಗಳನ್ನು ಕಟ್ಟಿಸಲಾರವೇ?

ಕಚೇರಿಗಳ ಮುಖ್ಯಾಧಿಕಾರಿಗಳಲ್ಲಿಯೂ ನಮ್ಮದೊಂದು ಅರಿಕೆಯಿದೆ. ಗುಮಾಸ್ತನೊಬ್ಬನು ತಾಯಿಯ ಚಿಕಿತ್ಸೆಗೆಂದು ರಜೆ ಕೇಳಿದಾಗ "ರೋಗ ನಿನಗೋ ನಿನ್ನ ತಾಯಿಗೋ?" ಎಂದು ಪ್ರಶ್ನಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಖಾತೆಯಲ್ಲಿ ರಜೆಯಿದ್ದರೆ ಅದೇ ದಿನ ಮಂಜೂರು ಮಾಡಬೇಕು. ಕೂಲಿಯವನಿಗೆ ಅರ್ಜಿ ಹಾಕುವ ಕಚೇರಿಯೂ ಇಲ್ಲ. ಚಿಕಿತ್ಸೆ ನಡೆಯುವಷ್ಟು ದಿನ ಜೊತೆಗಾರನೊಬ್ಬನಿಗೆ ದಿನಭತ್ಯವನ್ನು ಆರೋಗ್ಯ ಯೋಜನೆಯಲ್ಲಿಯೇ ಸೇರಿಸುವ ವಿಚಾರವನ್ನು ಸರಕಾರದವರು ಮುಂದಿನ ಆಯವ್ಯಯಕ್ಕೆ ಮುಂಚಿತವಾಗಿಯೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇವೆ.