ತಳ ಹಿಡಿಸಿದವರೇ ಪಾತ್ರೆ ಉಜ್ಜಲಿ

ಕಳೆದ ತಿಂಗಳು ಅಮ್ಮ ಊರಿನಿಂದ ನಮ್ಮ ರೂಮಿಗೆ ಬಂದಿದ್ದಳು. ಚಕ್ಕುಲಿ ಡಬ್ಬಿ ಕೆಳಗಿಟ್ಟವಳ ಕಣ್ಣು ನೇರ ಬಿದ್ದದ್ದು ಸಿಂಕ್ ಕೆಳಗೆ ನಾವು ಬಚ್ಚಿಟ್ಟಿದ್ದ ಮೂರು ಹಾಲಿನ ಪಾತ್ರೆಗಳ ಮೇಲೆ. ಮೂರರ ತಳವೂ ಕರ‍್ರಗೆ. ಬಿ.ಇ. ಓದುತ್ತಿರುವ ನಾವು ನಾಲ್ವರು ಹುಡುಗರು ಈ ಸಮಸ್ಯೆಗೆ ಕಂಡುಕೊಂಡಿದ್ದ ಪರಿಹಾರ ಒಂದೇ: ತಳ ಹಿಡಿದ ಪಾತ್ರೆಯನ್ನು ಒಳಗೆ ತಳ್ಳಿ, ಇನ್ನೊಂದನ್ನು ತೆಗೆಯುವುದು.

ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಉಜ್ಜಲು ಕೂತಿದ್ದಳು. ‘ಬಿಡಮ್ಮ, ನಾವು ಮಾಡ್ತೀವಿ’ ಅಂದೆ. ‘ನೀನು ಮಾಡೋದನ್ನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ ಬಿಡೋ’ ಎಂದು ನಕ್ಕಳು. ಮಧ್ಯೆ ಮಧ್ಯೆ ಬಲಗೈ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದಳು. ನೋವಾ ಎಂದರೆ ‘ಏನಿಲ್ಲ’ ಎಂಬ ಉತ್ತರ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಈ ಸೆಮಿಸ್ಟರ್‌ನಲ್ಲಿ ನಾನು ಹೀಟ್ ಟ್ರಾನ್ಸ್‌ಫರ್ ಓದುತ್ತಿದ್ದೇನೆ. ಸ್ಟೀಲು ಅಲ್ಯೂಮಿನಿಯಂನಷ್ಟು ಚೆನ್ನಾಗಿ ಶಾಖ ಹರಡುವುದಿಲ್ಲ ಎಂದು ಬರೆದು ಅಂಕವನ್ನೂ ಪಡೆದಿದ್ದೇನೆ. ತೆಳು ತಳದ ಸ್ಟೀಲ್ ಪಾತ್ರೆಯನ್ನು ಜೋರು ಉರಿಯ ಮೇಲಿಟ್ಟರೆ ಜ್ವಾಲೆ ತಾಗುವ ಜಾಗವಷ್ಟೇ ವಿಪರೀತ ಕಾಯುತ್ತದೆ. ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾಲಿನ ಕೆಲವು ಪ್ರೋಟೀನ್‌ಗಳು ರೂಪ ಬದಲಿಸಿ, ಕ್ಯಾಲ್ಸಿಯಂ ಲವಣಗಳ ಜೊತೆ ಸೇರಿ ತಳಕ್ಕೆ ಅಂಟುತ್ತವೆ. ಅಂಟಿದ್ದು ಸೀಯುತ್ತದೆ. ಡೇರಿಯ ಯಂತ್ರಗಳಿಗೂ ಇದೇ ಕಾಟ. ಅಲ್ಲಿ ಕಾಸ್ಟಿಕ್ ಸೋಡಾ, ಆಮ್ಲದ ದ್ರಾವಣಗಳನ್ನು ಹರಿಸಿ ತೊಳೆಯುತ್ತಾರೆ. ನಮ್ಮ ಮನೆಗಳಲ್ಲಿ ಆ ಕೆಲಸ ಅಮ್ಮನ ಮಣಿಕಟ್ಟಿನದು.

ಥಿಯರಿ ನನಗೆ ಗೊತ್ತಿತ್ತು, ಉಪಾಯ ಅಮ್ಮನಿಗೆ. ಹಾಲು ಸುರಿಯುವ ಮೊದಲು ಪಾತ್ರೆಗೆ ನೀರಾಡಿಸಿ, ಒರೆಸದೆ ಹಾಗೇ ಹಾಲು ಹಾಕಬೇಕು. ಉರಿ ಸಣ್ಣದಿರಬೇಕು, ಸೌಟು ತಳಕ್ಕೆ ತಾಗುವಂತೆ ಆಗಾಗ ಆಡಿಸಬೇಕು. ಅಷ್ಟಾಗಿಯೂ ತಳ ಹಿಡಿದರೆ ಕೆರೆಯದೆ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಒಣಗುವ ಮುಂಚೆಯೇ ನೀರು ಹಾಕಿಡಬೇಕು. ಸ್ಟೀಲ್ ಪಾತ್ರೆಯಾದರೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ನೀರು ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮರದ ಸೌಟಿನಿಂದ ಕೆರೆದರೆ ಬಹುಪಾಲು ಏಳುತ್ತದೆ. ಅಲ್ಯೂಮಿನಿಯಂಗೆ ಸೋಡಾ ಬೇಡ, ಕಪ್ಪಾಗುತ್ತದೆ. ಅದಕ್ಕೆ ಹುಣಸೆಹಣ್ಣಿನ ನೀರು ಕುದಿಸಬೇಕು.

ಇದರಲ್ಲಿ ಹುಡುಗರಿಗೆ ಬಾರದ್ದು ಯಾವುದಿದೆ? ‘ಸ್ವಲ್ಪ ಹಾಲು ನೋಡ್ಕೋ’ ಎಂದರೆ ನಾವು ಮೊಬೈಲ್ ನೋಡುತ್ತೇವೆ. ಉಕ್ಕಿದಾಗ ‘ಅಮ್ಮಾ, ಹಾಲು!’ ಎಂದು ಕೂಗುತ್ತೇವೆ. ಒಲೆ ಆರಿಸಿದಲ್ಲಿಗೆ ನಮ್ಮ ಕೆಲಸ ಮುಗಿಯಿತು. ‘ಅವನು ಓದ್ಕೊಳ್ಳಲಿ ಬಿಡು’ ಎಂಬ ಮಾತು ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಪಿಯುಸಿ ಓದುವ ತಂಗಿಯನ್ನು ಒಮ್ಮೆಯೂ ಕಾಪಾಡಿಲ್ಲ. ಪರೀಕ್ಷೆ ಅವಳಿಗೂ ಇತ್ತು. ನಾನು ತಳ ಹಿಡಿಸಿದ ಪಾತ್ರೆಗಳನ್ನು ಅವಳು ಉಜ್ಜಿದ್ದಾಳೆ ಎಂಬುದು ನನಗೆ ಹೊಳೆದದ್ದೇ ಈಗ.

ಪಾತ್ರೆ ಉಜ್ಜುವುದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬರುವ ವಿದ್ಯೆಯಲ್ಲ, ಗಂಡುಮಕ್ಕಳಿಗೆ ಕಲಿಯಲಾಗದ ವಿದ್ಯೆಯೂ ಅಲ್ಲ. ಒಂದು ಸಲ ನಾವೇ ಉಜ್ಜಿದರೆ ಸಾಕು, ಮುಂದಿನ ಸಲ ಉರಿ ತಾನಾಗಿಯೇ ಸಣ್ಣದಾಗುತ್ತದೆ.

ಈಗ ನಮ್ಮ ರೂಮಿನ ಗೋಡೆಯ ಮೇಲೊಂದು ಚೀಟಿಯಿದೆ: ‘ತಳ ಹಿಡಿಸಿದವರೇ ಉಜ್ಜಬೇಕು’. ಅಂಟಿಸಿದ ವಾರದಲ್ಲೇ ಸಿಕ್ಕಿಬಿದ್ದವನು ನಾನೇ. ನಲವತ್ತು ನಿಮಿಷ ಹಿಡಿಯಿತು. ದೀಪಾವಳಿಗೆ ಊರಿಗೆ ಹೋದಾಗ ಮನೆಯ ಅಡುಗೆಮನೆಯಲ್ಲೂ ಇಂಥದ್ದೇ ಚೀಟಿ ಅಂಟಿಸಬೇಕೆಂದಿದ್ದೇನೆ. ಅಪ್ಪ ಓದುತ್ತಾರೋ ಇಲ್ಲವೋ, ನೋಡಬೇಕು.