ಬೀಗಕ್ಕೆ ತಕ್ಕ ಕೀಲಿ

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬಾಗಿಲನ್ನು ಸಕಾಲದಲ್ಲಿಯೇ ಹಾಕಿದ್ದರೂ ಅಗುಳಿ ಕೂಡದಿದ್ದರೆ ಒದಗುವ ಅನರ್ಥ ಇದಕ್ಕಿಂತ ಘೋರವಾದುದು. ಏಕೆಂದರೆ ಒಳಗಿರುವವರು ನಿಶ್ಚಿಂತೆಯಿಂದ ನಿದ್ರಿಸುತ್ತಿರುತ್ತಾರೆ. ಕಂಪ್ಯೂಟರಿನ ಲೋಕದಲ್ಲಿ ಅಂಥ ಪ್ರಸಂಗವೊಂದು 2017ರ ಜನವರಿ 31ರಂದು ನಡೆಯಿತು.

ಗಿಟ್‌ಲ್ಯಾಬ್ ಎಂಬುದು ನಾನಾ ದೇಶಗಳ ತಂತ್ರಜ್ಞರು ತಾವು ಬರೆದ ಪ್ರೋಗ್ರಾಂಗಳನ್ನು ಇರಿಸಿಕೊಳ್ಳುವ ಉಗ್ರಾಣ. ಅಂದು ರಾತ್ರಿ ಅದರ ಇಂಜಿನಿಯರೊಬ್ಬರು ಎರಡನೆಯ ಸರ್ವರಿನ ತೊಡಕನ್ನು ಬಿಡಿಸಲು ಬಹಳ ಹೊತ್ತು ಶ್ರಮಿಸಿ, ಅಲ್ಲಿದ್ದುದನ್ನು ಅಳಿಸಿ ಹೊಸದಾಗಿ ತುಂಬೋಣವೆಂದು ಆಜ್ಞೆ ಕೊಟ್ಟರು. ಆಜ್ಞೆ ಹೋದದ್ದು ಮುಖ್ಯ ಸರ್ವರಿಗೆ! ಒಂದೆರಡು ಕ್ಷಣಗಳಲ್ಲಿಯೇ ಪ್ರಮಾದವರಿತು ತಡೆದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ 4.5 ಮಾತ್ರ ಉಳಿದಿತ್ತು.

ತಪ್ಪುವುದು ಮನುಷ್ಯ ಸಹಜ. ಬ್ಯಾಕಪ್ ಎಂಬ ಏರ್ಪಾಡು ಇರುವುದೇ ಅದಕ್ಕಾಗಿ. ದಿನಕ್ಕೊಮ್ಮೆ ನಕಲು ತೆಗೆದು ಬೇರೆಡೆ ಇಡುವ ವ್ಯವಸ್ಥೆ ಅಲ್ಲಿಯೂ ಇತ್ತು. ಹೋಗಿ ನೋಡಿದರೆ ಕಣಜ ಬರಿದು! ಕಾರಣ ಬಹು ಚಿಕ್ಕದು. ಮಾಹಿತಿಯನ್ನು ಹಿಡಿದಿದ್ದ ಪೋಸ್ಟ್‌ಗ್ರೆಸ್ ತಂತ್ರಾಂಶ 9.6ನೆಯ ಆವೃತ್ತಿಯದು, ನಕಲು ತೆಗೆಯಹೊರಟ ಉಪಕರಣ 9.2ನೆಯದು. ಹಳೆಯದು ಹೊಸದನ್ನು ಓದಲಾರದೆ ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಆ ಸೋಲನ್ನು ತಿಳಿಸುವ ಇ-ಮೇಲುಗಳೂ ಸ್ವೀಕೃತವಾಗದೆ ತಿರಸ್ಕೃತವಾಗುತ್ತಿದ್ದುವು. ಅದೇ ಇಂಜಿನಿಯರು ಸುಮಾರು ಆರು ಗಂಟೆ ಮೊದಲು ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ಮಾನ ಉಳಿಯಿತು. ಆದರೂ ಆ ಆರು ಗಂಟೆಗಳಲ್ಲಿ ದಾಖಲಾದುದು ಮರಳಿ ಬರಲಿಲ್ಲ.

ಅಲ್ಲಿ ಹೊಂದಿಕೆ ತಪ್ಪಿದ್ದು ಮಾಹಿತಿಯ ತಂತ್ರಾಂಶಕ್ಕೆ. ಸರ್ವರನ್ನು ನಡೆಸುವ ಆಪರೇಟಿಂಗ್ ಸಿಸ್ಟಂಗೆ ತಪ್ಪಿದರೂ ಫಲ ಒಂದೇ. ಬ್ಯಾಕಪ್ ತಂತ್ರಾಂಶವು ಕಡತಗಳನ್ನು ಸುಮ್ಮನೆ ಎತ್ತಿಡುವುದಿಲ್ಲ. ಹತ್ತಾರು ಜನ ಬರೆಯುತ್ತಿರುವ ಲೆಕ್ಕದ ಪುಸ್ತಕವನ್ನು, ಬರವಣಿಗೆ ನಿಲ್ಲಿಸದೆಯೇ ಪ್ರತಿ ಮಾಡಬೇಕು. ಇದಕ್ಕೆ ಸಿಸ್ಟಂನ ನೆರವು ಬೇಕು. ವಿಂಡೋಸಿನಲ್ಲಿ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಸೇವೆ ಆ ಕ್ಷಣದ ಚಿತ್ರವನ್ನು ಹಿಡಿದುಕೊಡುತ್ತದೆ. ಲಿನಕ್ಸಿನಲ್ಲಿ ಕೆಲವು ಬ್ಯಾಕಪ್ ತಂತ್ರಾಂಶಗಳು ಸಿಸ್ಟಂನ ತಿರುಳಾದ ಕರ್ನಲ್ಲಿನೊಳಕ್ಕೇ ತಮ್ಮದೊಂದು ಭಾಗವನ್ನು ಸೇರಿಸುತ್ತವೆ. ಕರ್ನಲ್ಲಿನ ಆವೃತ್ತಿ ಬದಲಾದರೆ ಆ ಭಾಗ ಕೂಡದೆ ಹೋಗಬಹುದು. ಆದಕಾರಣ ‘ನಮ್ಮದು ವಿಂಡೋಸ್’ ಎಂದೋ ‘ಲಿನಕ್ಸ್’ ಎಂದೋ ಹೇಳಿದರೆ ಸಾಲದು. ಯಾವ ಆವೃತ್ತಿ, 32 ಬಿಟ್ಟಿನದೋ 64 ಬಿಟ್ಟಿನದೋ, ಕರ್ನಲ್ ಯಾವುದು ಎಂಬುದನ್ನೆಲ್ಲ ಗುರುತುಹಾಕಿಕೊಂಡು, ತಯಾರಕರು ಪ್ರಕಟಿಸಿರುವ ಪಟ್ಟಿಯೊಡನೆ ಅನುಸ್ಥಾಪನೆಗೆ ಮೊದಲೇ ತಾಳೆನೋಡತಕ್ಕದ್ದು.

ನಕಲು ತೆಗೆಯುವಾಗ ಮಾತ್ರವಲ್ಲ, ಮರಳಿ ಪಡೆಯುವಾಗಲೂ ಈ ಹೊಂದಿಕೆ ಬೇಕು. ವಿಂಡೋಸ್ ಸರ್ವರ್ 2003ರಲ್ಲಿ ಎನ್‌ಟಿ ಬ್ಯಾಕಪ್ ಎಂಬ ಉಪಕರಣವಿತ್ತು. 2008ರ ಆವೃತ್ತಿಯಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಉಪಕರಣವು ಹಳೆಯದರ ಪ್ರತಿಗಳನ್ನು ಓದಲಾರದಾಯಿತು. ಅವುಗಳನ್ನು ಬಿಡಿಸಿಕೊಳ್ಳುವುದಕ್ಕೆಂದೇ ಮೈಕ್ರೋಸಾಫ್ಟ್ ಸಂಸ್ಥೆ ಬೇರೊಂದು ಉಪಕರಣವನ್ನು ಒದಗಿಸಬೇಕಾಯಿತು. ಬೀಗವನ್ನು ಬದಲಾಯಿಸುವವರು ಹಳೆಯ ಪೆಟ್ಟಿಗೆಯ ಕೀಲಿಯನ್ನು ಎಸೆಯಬಾರದು.

ಶಾಲೆಯ ಅಂಕಪಟ್ಟಿ, ಸಹಕಾರ ಸಂಘದ ಲೆಕ್ಕ, ಔಷಧದಂಗಡಿಯ ದಾಸ್ತಾನು ಎಲ್ಲವೂ ಈಗ ಕಂಪ್ಯೂಟರನ್ನು ನಂಬಿವೆ. ಅವುಗಳ ಹೊಣೆ ಹೊತ್ತವರು ಪಟ್ಟಿಯನ್ನು ನೋಡಲು ಅರ್ಧ ಗಂಟೆ ಕೊಟ್ಟರೆ ಸಾಕು. ಅನಂತರ ತಿಂಗಳಿಗೊಮ್ಮೆಯಾದರೂ ಒಂದು ಕಡತವನ್ನು ಪ್ರತಿಯಿಂದ ಹೊರತೆಗೆದು ತೆರೆದು ನೋಡಲಿ. ತೆರೆದು ಓದಲು ಬಂದ ಪ್ರತಿಯೇ ಪ್ರತಿ. ಉಳಿದುದು ಬರಿಯ ನಂಬಿಕೆ.