ನಾಯಕರು ಬೇಕು, ಪ್ರಶ್ನೆ ಬೇಡವೇ?

ಮೊನ್ನೆ ನಮ್ಮ ಚರ್ಚಿನಲ್ಲಿ ‘ನಾಳಿನ ನಾಯಕರು’ ಅಂತ ಯುವಜನರಿಗೊಂದು ಶಿಬಿರ ಇತ್ತು. ಭಾಷಣ ಕೇಳುತ್ತಾ ಕೂತಿದ್ದ ನನಗೆ ಹಳೆಯದೊಂದು ನೆನಪಾಯ್ತು.

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡ್ತೀನಿ. ಕೆಲ ವರ್ಷಗಳ ಹಿಂದೆ ಬೆಳೆಹಬ್ಬದ ದಿನ, ಪಿಯುಸಿ ಓದುತ್ತಿದ್ದ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳನ್ನು ಏಲಂ ಲೆಕ್ಕ ಬರೆಯಲು ಕೂರಿಸಿದ್ವಿ. ಕುಂಬಳಕಾಯಿ, ಬಾಳೆಗೊನೆ, ಹುಂಜ... ಒಂದು ರೂಪಾಯಿ ಆಚೀಚೆ ಆಗದ ಹಾಗೆ ಬರೆದಳು. ಕೊನೆಗೆ ಹಿರಿಯರೊಬ್ಬರನ್ನು ಕೇಳಿದಳು: “ಅಂಕಲ್, ಇದರಲ್ಲಿ ಬಡಮಕ್ಕಳ ಫೀಸಿಗೆ ಎಷ್ಟು ಹೋಗುತ್ತೆ?”

“ಅದೆಲ್ಲ ನಿನಗ್ಯಾಕೆ ಮಗಳೇ? ಲೆಕ್ಕ ಮುಗೀತಲ್ಲ, ಹೋಗಿ ಊಟ ಮಾಡು.”

ಪಕ್ಕದಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರ ಶಾಲೆಗಳು, ಅಚ್ಚುಕೂಟ, 1843ರಲ್ಲಿ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಕಾಡುವುದು ಆನಂದರಾವ್ ಕೌಂಡಿನ್ಯರ ಕಥೆ. ಮಿಷನ್ ಶಾಲೆಯಲ್ಲಿ ಓದಿದ ಹುಡುಗ, 1844ರಲ್ಲಿ ದೀಕ್ಷಾಸ್ನಾನ ಪಡೆದು ಬಾಸೆಲ್‌ಗೆ ಹೋಗಿ ಕಲಿತು, 1851ರಲ್ಲಿ ಮರಳಿದ್ದು ಮಿಷನರಿಯಾಗಿ. ಅವನಲ್ಲಿ ನಂಬಿಕೆಯಿಟ್ಟು ಅಷ್ಟು ದೂರ ಕಳಿಸಿದವರಿದ್ದರು.

ಹಾಗಂತ ಎಲ್ಲರಿಗೂ ಆ ಅವಕಾಶ ಸಿಗಲಿಲ್ಲ. ದೊಡ್ಡ ನಿರ್ಧಾರಗಳು ಬಹುಕಾಲ ಯುರೋಪಿನವರ ಕೈಯಲ್ಲೇ ಇದ್ದವು. ಅದನ್ನು ನಾವೀಗ ತಪ್ಪು ಅಂತೀವಿ. ಆದರೆ 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿ, ಬೀಗದ ಕೈ ನಮ್ಮವರ ಕೈಗೇ ಬಂದ ಮೇಲೆ ನಾವು ಮಾಡ್ತಿರೋದೇನು? ಯುವಕರು ಅಂದ್ರೆ ಕುರ್ಚಿ ಹಾಕೋಕೆ, ಕ್ರಿಸ್ಮಸ್ ನಾಟಕಕ್ಕೆ, ಗಾಯನಕ್ಕೆ. ನಮ್ಮ ಶಾಲೆಗಳಲ್ಲೂ ಅಷ್ಟೇ, ಸಾಲು ಸರಿಮಾಡುವವನೇ ಲೀಡರ್!

ನನ್ನ ಪ್ರಕಾರ ಶಿಬಿರಕ್ಕಿಂತ ಮೊದಲು ಎರಡು ಕೆಲಸ ಆಗಬೇಕು. ಸಭೆಯ ಸಮಿತಿಯಲ್ಲಿ ಇಪ್ಪತ್ತೈದರೊಳಗಿನ ಇಬ್ಬರಿಗೆ ಮತದ ಹಕ್ಕಿರುವ ಜಾಗ. ಬೆಳೆಹಬ್ಬದ ಹಣದಲ್ಲಿ ಒಂದು ಪಾಲನ್ನು ಅವರೇ ಖರ್ಚು ಮಾಡಿ, ಎಲ್ಲರೆದುರು ಲೆಕ್ಕ ಓದಲಿ. ತಪ್ಪಾಗುತ್ತೆ, ಆಗಲಿ. ಹಿರಿಯರ ಲೆಕ್ಕದಲ್ಲಿ ತಪ್ಪೇ ಆಗಿಲ್ಲವೇ?

ಆ ಹುಡುಗಿ ಈಗ ಬೆಂಗಳೂರಿನಲ್ಲಿದ್ದಾಳೆ. ಕೆಲಸ ಮುಗಿಸಿ ಸಂಜೆ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳ್ತಾಳಂತೆ. ಚರ್ಚಿಗೆ ಹೋಗಲ್ಲವಂತೆ. ಅವಳಿಗೆ ಒಂದು ಫೋನ್ ಮಾಡಿ, ಅವತ್ತು ಸುಮ್ಮನಿದ್ದಿದ್ದಕ್ಕೆ ಕ್ಷಮೆ ಕೇಳಬೇಕು ಅಂದುಕೊಂಡಿದ್ದೀನಿ.

ನಿಮ್ಮ ಕಡೆ ಹೇಗಿದೆ? ಚರ್ಚೇ ಆಗಬೇಕಿಲ್ಲ, ದೇವಸ್ಥಾನ, ಸಂಘ ಯಾವುದಾದರೂ ಸರಿ... ಹೇಳಿ.